ಬಿಸಿನೀರಿನ ಪಂಪು ನಿಂತರೆ: ಮೋಟರ್ ಬಿಚ್ಚುವ ಮುನ್ನ ನೋಡಬೇಕಾದ್ದು

ಗೋಕರ್ಣದ ಶಿವರಾತ್ರಿ, ಶಿರಸಿಯ ಮಾರಿಕಾಂಬಾ ಜಾತ್ರೆ, ಕಾರವಾರ–ಮುರ್ಡೇಶ್ವರದ ಡಿಸೆಂಬರ್ ಸೀಸನ್ನು. ಲಾಡ್ಜುಗಳು ತುಂಬಿ ತುಳುಕುವ ಇಂಥ ದಿನಗಳಲ್ಲೇ ಬೆಳಗಿನ ಐದೂವರೆಗೆ ಕೌಂಟರಿಗೆ ದೂರು ಬರುತ್ತದೆ: ಹತ್ತು ನಿಮಿಷ ನಲ್ಲಿ ಬಿಟ್ಟರೂ ನೀರು ಬಿಸಿಯಾಗುತ್ತಿಲ್ಲ. ಯಾರೋ ಓಡಿಹೋಗಿ ಪ್ಯಾನೆಲ್ ತೆಗೆದು ರೀಸೆಟ್ ಗುಂಡಿಯನ್ನು ನಾಲ್ಕೈದು ಸಲ ಒತ್ತುತ್ತಾರೆ. ಅದಕ್ಕೆ ಬಗ್ಗದಿದ್ದರೆ ಮೋಟರ್ ಬಿಚ್ಚಿ ವೈಂಡಿಂಗಿಗೆ ಹೊರಡಿಸುತ್ತಾರೆ. ಮೋಟರ್ ಚೆನ್ನಾಗೇ ಇದೆ ಎಂದು ವೈಂಡಿಂಗ್ ಅಂಗಡಿಯವರು ಹಿಂದಕ್ಕೆ ಕೊಡುವುದೂ ಉಂಟು.

ಪಂಪು ನಿಂತಾಗ ಮೋಟರಿನ ಮೇಲೆ ಅನುಮಾನ ಕೊನೆಗೆ ಬರಬೇಕು. ದೋಷ ಅಡಗಿರುವುದು ಹೆಚ್ಚಾಗಿ ದಪ್ಪ ಪವರ್ ಕೇಬಲಿನಲ್ಲಲ್ಲ, ಪಕ್ಕದಲ್ಲಿ ಹಾದುಹೋದ ಸಪೂರ ಕಂಟ್ರೋಲ್ ವಯರಿನಲ್ಲಿ. ಸಡಿಲಾದ ಒಂದು ಸ್ಕ್ರೂ, ಹಸಿರುಗಟ್ಟಿದ ಒಂದು ಲಗ್ಗು (ವಯರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು), ಒಳಗೆ ತುಕ್ಕು ಹಿಡಿದ ಫ್ಲೋಟ್ ಸ್ವಿಚ್ಚು (ಟ್ಯಾಂಕಿನ ನೀರಿನ ಮಟ್ಟ ನೋಡಿ ಪಂಪು ನಿಲ್ಲಿಸುವುದು), ಇಂಥವು. ಒಂದು ಮಲ್ಟಿಮೀಟರ್ ಮತ್ತು ಅರ್ಧ ಗಂಟೆ ತಾಳ್ಮೆ ಇದ್ದರೆ ಅದನ್ನು ಹಿಡಿಯಬಹುದು.

ನಿಂತಿರುವುದು ಯಾವ ಪಂಪು?

ಮೂವತ್ತು–ಅರವತ್ತು ಕೋಣೆಗಳ ಲಾಡ್ಜಿನಲ್ಲಿ ಸಾಮಾನ್ಯವಾಗಿ ಎರಡು ಪಂಪು ಇರುತ್ತವೆ. ಹೀಟ್ ಪಂಪ್ ಅಥವಾ ಬಾಯ್ಲರಿನಿಂದ ಟ್ಯಾಂಕಿಗೆ ನೀರು ಸುತ್ತಿಸುವುದು ಒಂದು. ಟ್ಯಾಂಕಿನಿಂದ ಹೊರಟು ಕೋಣೆಗಳನ್ನೆಲ್ಲ ಹಾದು ಮತ್ತೆ ಟ್ಯಾಂಕಿಗೇ ಮರಳುವ ರಿಂಗ್ ಲೈನಿನದು ಇನ್ನೊಂದು. ಅಂದಹಾಗೆ, ಹೆಸರಿನಲ್ಲಿ ಪಂಪು ಇದ್ದರೂ ಹೀಟ್ ಪಂಪ್ ನೀರೆತ್ತುವ ಯಂತ್ರವಲ್ಲ. ಫ್ರಿಜ್ಜಿನ ಕೆಲಸವನ್ನೇ ತಿರುವುಮುರುವಾಗಿ ಮಾಡುವ ಕಂಪ್ರೆಸರ್ ಅದು. ಫೋನಿನಲ್ಲಿ ‘ಪಂಪು ಹೋಗಿದೆ’ ಎಂದರೆ ಯಾವುದು ಎಂದು ಕೇಳಿಕೊಂಡೇ ಹೊರಡಿ.

ಟ್ಯಾಂಕಿನ ಥರ್ಮಾಮೀಟರ್ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಟ್ಯಾಂಕಿನಲ್ಲಿ 60 ಡಿಗ್ರಿ ಇದ್ದು ದೂರದ ಕೋಣೆಯ ನಲ್ಲಿ ತಣ್ಣಗಿದ್ದರೆ ರಿಂಗ್ ಪಂಪಿನ ಕಡೆ ಹೋಗಿ. ಟ್ಯಾಂಕೇ ತಣ್ಣಗಿದ್ದರೆ ಮೊದಲ ಪಂಪು, ಇಲ್ಲವೇ ಹೀಟ್ ಪಂಪಿನ ಸರದಿ.

ಎರಡೂ ಪಂಪಿನ ಸರ್ಕ್ಯೂಟ್ ಹೆಚ್ಚುಕಡಿಮೆ ಒಂದೇ. ಪವರ್ ದಾರಿ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್), ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟ್ ಬಂದಾಗ ಎಳೆದು ಮೋಟರಿಗೆ ದಾರಿ ಕೂಡಿಸುವ ಸ್ವಿಚ್), ಓವರ್‌ಲೋಡ್ ರಿಲೇ (ಮೋಟರ್ ಹೆಚ್ಚು ಹೊತ್ತು ಹೆಚ್ಚು ಕರೆಂಟ್ ಎಳೆದರೆ ನಿಲ್ಲಿಸುವುದು) ದಾಟಿ ಮೋಟರಿಗೆ ಹೋಗುತ್ತದೆ. ಕಂಟ್ರೋಲ್ ದಾರಿ ಒಂದು ಫೇಸಿನಿಂದ ಹೊರಟು 2 ಆಂಪಿಯರಿನ ಸಣ್ಣ ಎಂಸಿಬಿ, ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಪಂಪು ನಿಲ್ಲಿಸುವುದು), ಸ್ಟಾಪ್ ಗುಂಡಿ, ಓವರ್‌ಲೋಡಿನ 95–96 ಟರ್ಮಿನಲುಗಳು, ಫ್ಲೋಟ್ ಸ್ವಿಚ್, ಟೈಮರ್, ಥರ್ಮೋಸ್ಟಾಟ್ ಇವನ್ನೆಲ್ಲ ಸರಪಳಿಯಂತೆ ದಾಟಿ ಕಾಂಟ್ಯಾಕ್ಟರ್ ಕಾಯಿಲಿನ ಎ1ಕ್ಕೆ ಬರುತ್ತದೆ. ಎ2 ನ್ಯೂಟ್ರಲಿಗೆ. ಈ ಸರಪಳಿಯ ಒಂದು ಕೊಂಡಿ ಬಿಟ್ಟರೂ ಮೋಟರಿಗೆ ಕರೆಂಟಿಲ್ಲ. ಆದೇಶ ಸಿಗದ ಮೋಟರನ್ನು ಕೆಟ್ಟಿದೆ ಎನ್ನುವುದು ಅನ್ಯಾಯ.

ಕೈ ಹಾಕುವ ಮುನ್ನ

ಪಂಪ್ ರೂಮಿನ ನೆಲ ಒದ್ದೆಯಿರುತ್ತದೆ. ಒಣ ರಬ್ಬರ್ ಮ್ಯಾಟ್ ಹಾಸಿ, ರಬ್ಬರ್ ಅಡಿಯ ಚಪ್ಪಲಿ ಅಥವಾ ಬೂಟು ಹಾಕಿ. ಮೇನ್ ಆಫ್ ಮಾಡಿದ ಮೇಲೆ ಬೀಗ ಹಾಕಿ ಕೀಲಿ ಜೇಬಿಗಿಳಿಸಿ. ‘ಕೆಲಸ ನಡೆಯುತ್ತಿದೆ’ ಎಂಬ ಚೀಟಿಯನ್ನು ನಂಬಬೇಡಿ. ಬಿಸಿನೀರಿಗೆ ಕಾದಿರುವ ಅತಿಥಿಯ ಒತ್ತಡಕ್ಕೆ ರೂಮ್‌ಬಾಯ್ ಬಂದು ಸ್ವಿಚ್ ಹಾಕಿಬಿಡಬಹುದು. ಜನರೇಟರ್ ಇದ್ದರೆ ಅದನ್ನೂ ಆಟೊದಿಂದ ತೆಗೆಯಿರಿ, ಇಲ್ಲದಿದ್ದರೆ ಹೆಸ್ಕಾಂ ಲೈನ್ ಹೋದ ಕೂಡಲೇ ಅದು ತಾನೇ ಎದ್ದು ನಿಲ್ಲುತ್ತದೆ.

ಕರೆಂಟ್ ಇಲ್ಲ ಎಂದು ಖಚಿತಪಡಿಸಿಕೊಳ್ಳಲು ಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಹಚ್ಚಿ ಅದು ಸರಿಯಿದೆಯೆಂದು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಹಚ್ಚಿ, ಮತ್ತೆ ಕರೆಂಟ್ ಇರುವ ಕಡೆ ಹಚ್ಚಿ. ಮೂರು ಸಲ. ಜೇಬಿನ ನಿಯಾನ್ ಟೆಸ್ಟರ್ ಈ ಕೆಲಸಕ್ಕಲ್ಲ. ಕರೆಂಟ್ ಹಾಕಿಯೇ ಮಾಡುವ ಪರೀಕ್ಷೆಗಳನ್ನು ಪರವಾನಗಿ ಇರುವ ವಯರ್‌ಮನ್ ಮಾತ್ರ ಮಾಡಲಿ, ಪಕ್ಕದಲ್ಲಿ ಇನ್ನೊಬ್ಬರು ಇರಲಿ.

ಬೇಕಾದ ಸಾಮಾನು: 600 ವೋಲ್ಟ್ ತಡೆಯುವ ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್), ಟೆಸ್ಟ್ ಲ್ಯಾಂಪ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ತವರ ಲೇಪಿಸಿದ ತಾಮ್ರದ ಲಗ್ಗುಗಳು, ಕ್ರಿಂಪಿಂಗ್ ಇಕ್ಕಳ.

ಏನು ಟ್ರಿಪ್ ಆಗಿದೆ ಎಂಬುದೇ ಸುಳಿವು

ಯಾವುದನ್ನೂ ಮುಟ್ಟುವ ಮೊದಲು ಯಾವ ಸ್ವಿಚ್ ಬಿದ್ದಿದೆ ನೋಡಿ ಬರೆದಿಟ್ಟುಕೊಳ್ಳಿ. ರೀಸೆಟ್ ಒತ್ತಿದರೆ ಆ ಸುಳಿವು ಅಳಿಸಿಹೋಗುತ್ತದೆ.

ಎಂಸಿಬಿ ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್, ಇಲ್ಲವೇ ತಪ್ಪು ಜಾತಿಯ ಎಂಸಿಬಿ. ಮೋಟರ್ ನೇರವಾಗಿ ಸ್ಟಾರ್ಟ್ ಆಗುವಾಗ ತನ್ನ ಮಾಮೂಲಿ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಬಿ ಜಾತಿಯ ಎಂಸಿಬಿ 3ರಿಂದ 5 ಪಟ್ಟಿಗೇ ಬೀಳುತ್ತದೆ, ಸಿ ಜಾತಿಯದು 5ರಿಂದ 10 ಪಟ್ಟಿಗೆ, ಡಿ 10ರಿಂದ 20 ಪಟ್ಟಿಗೆ. ಮನೆ ವಯರಿಂಗಿನ ಬಿ ಎಂಸಿಬಿಯನ್ನು ಅಂಗಡಿಯಲ್ಲಿ ಸಿಕ್ಕಿತೆಂದು ಪಂಪಿಗೆ ಹಾಕಿದರೆ ಅದು ಸ್ಟಾರ್ಟ್‌ನಲ್ಲೇ ಬೀಳುತ್ತಿರುತ್ತದೆ, ಮೋಟರಿನ ತಪ್ಪೇನೂ ಇರುವುದಿಲ್ಲ.

ಐದು–ಹತ್ತು ನಿಮಿಷ ಓಡಿ ಓವರ್‌ಲೋಡ್ ರಿಲೇ ಬಿದ್ದರೆ ಹೆಚ್ಚು ಕರೆಂಟ್, ಅಥವಾ ಒಂದು ಫೇಸ್ ಇಲ್ಲ. ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ಬೀಳುವ ಸ್ವಿಚ್) ಬಿದ್ದರೆ ಎಲ್ಲೋ ನೀರು ಸೇರಿ ಕರೆಂಟ್ ಭೂಮಿಗೆ ಸೋರುತ್ತಿದೆ. ಏನೂ ಬಿದ್ದಿಲ್ಲ, ಲ್ಯಾಂಪೂ ಉರಿಯುತ್ತಿದೆ, ಆದರೂ ಪಂಪು ಸುಮ್ಮನಿದೆ ಎಂದಾದರೆ ಕಂಟ್ರೋಲ್ ಸರಪಳಿ ಕಡಿದಿದೆ. ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ.

ಮೂಗು, ಕಿವಿಗಳನ್ನೂ ಬಳಸಿ. ಸುಟ್ಟ ವಾರ್ನಿಷಿನ ವಾಸನೆ ಮೋಟರಿನ ಟರ್ಮಿನಲ್ ಬಾಕ್ಸಿನಿಂದ ಬಂದರೆ ಒಂದು ಅರ್ಥ, ಪ್ಯಾನೆಲಿನಿಂದ ಬಂದರೆ ಇನ್ನೊಂದು. ತಿರುಗದೆ ಬರೀ ಗುಂಯ್ ಎನ್ನುವ ಮೋಟರಿಗೆ ಒಂದು ಫೇಸ್ ತಪ್ಪಿದೆ, ಇಲ್ಲವೇ ರೋಟರ್ ಸಿಕ್ಕಿಬಿದ್ದಿದೆ. ಕೂಡಲೇ ಆಫ್ ಮಾಡಿ.

ಲೈನಿನಿಂದ ಶುರು

ಎಂಸಿಬಿಯ ಒಳಬರುವ ತುದಿಯಲ್ಲಿ ಆರ್, ವೈ, ಬಿ ಎಂಬ ಮೂರು ಫೇಸುಗಳ ನಡುವೆ ಆರ್–ವೈ, ವೈ–ಬಿ, ಬಿ–ಆರ್ ಮೂರೂ ಅಳೆಯಿರಿ. 415 ವೋಲ್ಟಿನ ಆಸುಪಾಸು ಇರಬೇಕು. ಮೂರರ ಸರಾಸರಿ ತೆಗೆದು, ಅದರಿಂದ ಅತಿ ದೂರ ಇರುವ ಅಳತೆ ಶೇಕಡಾ ಎಷ್ಟು ದೂರ ಇದೆ ನೋಡಿ. ಉದಾಹರಣೆಗೆ 398, 412, 420 ಬಂದರೆ ಸರಾಸರಿ 410. ಅತಿ ದೂರದ್ದು 398, ಅಂತರ 12, ಎಂದರೆ ಸುಮಾರು ಶೇ. 2.9. ಸಣ್ಣದೆನಿಸಬಹುದು. ಆದರೆ ಈ ಶೇಕಡಾವಾರನ್ನು ವರ್ಗ ಮಾಡಿ ಎರಡರಿಂದ ಗುಣಿಸಿದರೆ ವೈಂಡಿಂಗಿನ ಬಿಸಿ ಶೇಕಡಾ ಎಷ್ಟು ಏರುತ್ತದೆಂಬ ಅಂದಾಜು ಸಿಗುತ್ತದೆ. ಇಲ್ಲಿ ಅದು ಸುಮಾರು 17. ಫೇಸುಗಳ ಕರೆಂಟಿನ ಏರುಪೇರಂತೂ ವೋಲ್ಟೇಜಿನ ಏರುಪೇರಿನ ಆರು–ಹತ್ತು ಪಟ್ಟು ಇರಬಹುದು. ಶೇ. 2ರೊಳಗಿದ್ದರೆ ನೆಮ್ಮದಿ. ಮೀರಿದರೆ ಮೊದಲು ಕಟ್ಟಡದೊಳಗಿನ ಎಸಿ, ಗೀಸರುಗಳೆಲ್ಲ ಒಂದೇ ಫೇಸಿನಲ್ಲಿ ಕೂತಿವೆಯೇ ನೋಡಿ, ಆಮೇಲೆ ಹೆಸ್ಕಾಂಗೆ ಫೋನ್ ಮಾಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಟೊಂಗೆ ಬಿದ್ದು ಒಂದು ಫೇಸ್ ಹೋಗುವುದು ಹೊಸತೇನಲ್ಲ. ಓಡುತ್ತಿರುವ ಮೂರು ಫೇಸಿನ ಮೋಟರ್ ಒಂದು ಫೇಸ್ ಹೋದರೂ ನಿಲ್ಲುವುದಿಲ್ಲ. ಉಳಿದ ಎರಡರಲ್ಲಿ ಹತ್ತಿರ ಹತ್ತಿರ 1.7 ಪಟ್ಟು ಕರೆಂಟ್ ಎಳೆದುಕೊಂಡು, ಸುಡುವವರೆಗೂ ಓಡುತ್ತದೆ. ಸತ್ತ ಫೇಸಿನ ಟರ್ಮಿನಲಿನಲ್ಲೂ ಮೋಟರ್ ತಾನೇ ಹುಟ್ಟಿಸಿದ ವೋಲ್ಟೇಜ್ ಕಾಣುವುದರಿಂದ, ಓಡುವ ಮೋಟರಿನಲ್ಲಿ ವೋಲ್ಟ್ ಅಳೆದು ಫೇಸ್ ಇದೆ ಎಂದುಕೊಳ್ಳಬೇಡಿ. ಕ್ಲ್ಯಾಂಪ್ ಮೀಟರ್ ಹಾಕಿ. ಒಂದು ವಯರಿನಲ್ಲಿ ಸೊನ್ನೆ ಬಂದರೆ ಅದೇ ಹೋದ ಫೇಸು.

ಟ್ರಾನ್ಸ್‌ಫಾರ್ಮರ್ ಬದಲಿಸಿದ ಅಥವಾ ಲೈನ್ ಜೋಡಿಸಿದ ಮರುದಿನ ‘ಪಂಪು ಓಡುತ್ತದೆ, ನೀರು ಸುತ್ತುತ್ತಿಲ್ಲ’ ಎಂದರೆ ಫೇಸುಗಳ ಸರದಿ ತಿರುಗಿದೆ. ಸೆಂಟ್ರಿಫ್ಯೂಗಲ್ ಪಂಪು ಉಲ್ಟಾ ತಿರುಗಿದರೂ ನೀರನ್ನು ಅದೇ ದಿಕ್ಕಿಗೆ ತಳ್ಳುತ್ತದೆ, ಒತ್ತಡ ಮಾತ್ರ ತೀರಾ ಕಡಿಮೆ. ಕಂಪ್ಲೇಂಟ್ ತಡವಾಗಿ ಬರುವುದು ಇದಕ್ಕೇ. ಪಂಪು ಇದನ್ನು ತಾಳಿಕೊಂಡೀತು. ಹೀಟ್ ಪಂಪಿನೊಳಗೆ ಸ್ಕ್ರಾಲ್ ಕಂಪ್ರೆಸರ್ ಇದ್ದರೆ ಅದು ತಾಳದು. ಸರದಿಯನ್ನೂ ನೋಡುವ ಪ್ರಿವೆಂಟರ್ ಇದ್ದರೆ ಅದೇ ತಡೆಯುತ್ತದೆ. ಆಗ ಪ್ರಿವೆಂಟರ್ ಕೆಟ್ಟಿದೆ ಎಂದು ಬೈಪಾಸ್ ಮಾಡದೆ ಒಳಬರುವ ಯಾವುದಾದರೂ ಎರಡು ಫೇಸು ಅದಲುಬದಲು ಮಾಡಿ. ಜನರೇಟರ್ ಕಡೆಯ ಸರದಿಯನ್ನೂ ಅದೇ ದಿನ ಸರಿಹೊಂದಿಸಿ.

ಕಂಟ್ರೋಲ್ ಸರಪಳಿ: ಕೊಂಡಿಯಿಂದ ಕೊಂಡಿಗೆ

ಈ ಪರೀಕ್ಷೆಗೆ ಕಂಟ್ರೋಲಿಗೆ ಕರೆಂಟ್ ಬೇಕು, ಮೋಟರಿಗೆ ಬೇಡ. ಕಂಟ್ರೋಲಿಗೆ ಬೇರೆ ಎಂಸಿಬಿ ಇದ್ದರೆ ಮೋಟರಿನ ಎಂಸಿಬಿ ಆಫ್ ಇಡಿ. ಎರಡೂ ಒಂದರಿಂದಲೇ ಹೊರಟಿದ್ದರೆ, ಕರೆಂಟ್ ಪೂರ್ತಿ ತೆಗೆದು ಓವರ್‌ಲೋಡ್ ರಿಲೇಯ ಕೆಳಗಿನ ಮೂರು ಮೋಟರ್ ವಯರುಗಳನ್ನು ಬಿಚ್ಚಿ ಟೇಪ್ ಸುತ್ತಿ, ಆಮೇಲೆ ಕರೆಂಟ್ ಕೊಡಿ.

ಮೊದಲು ಕಾಯಿಲಿನ ಮೇಲೆ ಬರೆದ ವೋಲ್ಟ್ ಓದಿ. 230ರದ್ದೂ ಉಂಟು, 415ರದ್ದೂ ಉಂಟು. ಎರಡು ಫೇಸಿನ ನಡುವೆ ಇರುವ ಹಳೆಯ ಪ್ಯಾನೆಲಿಗೆ 230ರ ಕಾಯಿಲ್ ಹಾಕಿದರೆ ತುಸು ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. 230ರ ಜಾಗಕ್ಕೆ 415ರದ್ದು ಹಾಕಿದರೆ ಸದ್ದು ಮಾಡುತ್ತದೆ, ಎಳೆಯುವುದಿಲ್ಲ. ಮುಂದೆ ಹೇಳುವುದು 230ರ ಕಾಯಿಲಿಗೆ.

1. ಸೆಲೆಕ್ಟರ್ ಸ್ವಿಚ್ಚನ್ನು ಮ್ಯಾನ್ಯುಯಲಿಗೆ ತಿರುಗಿಸಿ. ಕಾಂಟ್ಯಾಕ್ಟರ್ ಟಕ್ ಎಂದು ಎಳೆದರೆ ತಪ್ಪು ಆಟೊ ಕಡೆಯ ಟೈಮರ್ ಅಥವಾ ಥರ್ಮೋಸ್ಟಾಟಿನಲ್ಲಿ. ಅರ್ಧ ಸರಪಳಿ ಹುಡುಕುವ ಕೆಲಸ ತಪ್ಪಿತು.

2. ಮೀಟರಿನ ಕಪ್ಪು ಪ್ರೋಬನ್ನು ನ್ಯೂಟ್ರಲ್ ಬಾರಿಗೆ ಸಿಕ್ಕಿಸಿ ಬಿಡಿ. ಕಾಯಿಲಿನ ಎ2ಕ್ಕಲ್ಲ, ಬಾರಿಗೆ. ಕೆಂಪು ಪ್ರೋಬನ್ನು ಕಂಟ್ರೋಲ್ ಎಂಸಿಬಿಯ ಹೊರತುದಿಗೆ ಹಚ್ಚಿ. 230 ಬರಬೇಕು.

3. ಕೆಂಪು ಪ್ರೋಬು ಒಂದೊಂದೇ ಟರ್ಮಿನಲ್ ಮುಂದಕ್ಕೆ ಹೋಗಲಿ: ಪ್ರಿವೆಂಟರಿನ ಒಳಗೆ–ಹೊರಗೆ, ಸ್ಟಾಪ್ ಗುಂಡಿಯ ಒಳಗೆ–ಹೊರಗೆ, 95, 96, ಫ್ಲೋಟಿನ ಎರಡು ತುದಿ, ಟೈಮರ್, ಥರ್ಮೋಸ್ಟಾಟ್, ಕೊನೆಗೆ ಎ1. ಗುಂಡಿ ಒತ್ತಿ ಓಡಿಸುವ ಪ್ಯಾನೆಲಾದರೆ ಸ್ಟಾರ್ಟ್ ಗುಂಡಿಯಾಚೆಗೆ ಅಳೆಯುವಾಗ ಇನ್ನೊಬ್ಬರು ಅದನ್ನು ಒತ್ತಿ ಹಿಡಿದಿರಬೇಕು. ಎಲ್ಲಿ 230 ಮಾಯವಾಯಿತೋ ಅದರ ಹಿಂದಿನ ಟರ್ಮಿನಲಿಗೂ ಅದಕ್ಕೂ ನಡುವೆ ಕಡಿದಿದೆ.

4. 230ರ ಬದಲು 50, 80, 110 ಹೀಗೆ ಅಡ್ಡಾದಿಡ್ಡಿ ಅಂಕಿ ತೋರಿದರೆ ಅದು ಪಕ್ಕದ ವಯರಿನಿಂದ ಬಂದ ಭೂತ ವೋಲ್ಟೇಜೂ ಇರಬಹುದು, ತುಕ್ಕು ಹಿಡಿದ ಕೊಂಡಿಯೂ ಇರಬಹುದು. ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿ. ದೀಪ ಹತ್ತದಿದ್ದರೆ ಆ ವಯರಿನಲ್ಲಿ ಕೆಲಸಕ್ಕೆ ಬರುವ ಕರೆಂಟಿಲ್ಲ. ಆದರೆ ಆರ್‌ಸಿಸಿಬಿ ಇರುವ ಕಡೆ ಲ್ಯಾಂಪನ್ನು ಅರ್ಥಿಗೆ ಹಚ್ಚಿದರೆ ಅದು ಬೀಳುತ್ತದೆ, ನ್ಯೂಟ್ರಲಿಗೇ ಹಚ್ಚಿ.

5. ಎ1ರಲ್ಲಿ 230 ಇದ್ದೂ ಕಾಂಟ್ಯಾಕ್ಟರ್ ಎಳೆಯದಿದ್ದರೆ ಎ2ವನ್ನೂ ಅಳೆಯಿರಿ. ಎ2ದಲ್ಲೂ 230 ಕಂಡರೆ ಕಾಯಿಲ್ ಸರಿಯಾಗಿಯೇ ಇದೆ, ನ್ಯೂಟ್ರಲ್ ವಯರ್ ಕಡಿದಿದೆ! ಕಪ್ಪು ಪ್ರೋಬನ್ನು ಬಾರಿಗೇ ಹಚ್ಚಬೇಕೆಂದದ್ದು ಇದಕ್ಕೇ. ಎ2ದಲ್ಲಿ ಸೊನ್ನೆ, ಎ1ರಲ್ಲಿ 230 ಇದ್ದರೆ ಕರೆಂಟ್ ತೆಗೆದು ಕಾಯಿಲಿನ ಓಂ ನೋಡಿ. ಸಣ್ಣ ಕಾಂಟ್ಯಾಕ್ಟರಿನದು ನೂರಾರು ಓಂ ಬರಬೇಕು. ಮೀಟರ್ ಏನನ್ನೂ ತೋರದಿದ್ದರೆ ಕಾಯಿಲ್ ಹೋಗಿದೆ.

ಕಡಿದ ಕೊಂಡಿ ಸಿಕ್ಕಿದ ಮೇಲೆ ಅಲ್ಲಿಗೊಂದು ವಯರ್ ಜಂಪರ್ ಹಾಕಿ ಪಂಪು ಓಡಿಸಿ ಹೊರಟುಬಿಡುವ ಆಸೆ ಬರುತ್ತದೆ. ಫ್ಲೋಟಿಗೆ ಜಂಪರ್ ಹಾಕಿದ ಪಂಪು ಟ್ಯಾಂಕ್ ಬರಿದಾದ ದಿನ ಒಣಗಿ ಓಡುತ್ತದೆ. ಮೆಕ್ಯಾನಿಕಲ್ ಸೀಲನ್ನು ತಂಪಾಗಿಡುವುದು ಪಂಪಿನೊಳಗಿನ ನೀರೇ ಆದ್ದರಿಂದ ನಿಮಿಷಗಳಲ್ಲೇ ಸೀಲ್ ಸುಡುತ್ತದೆ, ಮತ್ತೆ ನೀರು ಬಂದಾಗ ಅದು ಮೋಟರಿನ ಬೇರಿಂಗಿಗೇ ಸೋರುತ್ತದೆ. ಹತ್ತು ನಿಮಿಷದ ಪರೀಕ್ಷೆಗೆ, ಕಣ್ಣೆದುರಿಗೆ, ಜಂಪರ್ ತಪ್ಪಲ್ಲ. ಅದಕ್ಕೆ ಎದ್ದು ಕಾಣುವ ಕೆಂಪು ವಯರನ್ನೇ ಬಳಸಿ.

ಫ್ಲೋ ಸ್ವಿಚ್ಚಿನದು ಬೇರೆಯದೇ ಫಜೀತಿ. ನೀರು ಹರಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. ಪಂಪು ಓಡಿದರೆ ಮಾತ್ರ ನೀರು ಹರಿಯುತ್ತದೆ. ಇದನ್ನು ಪಂಪಿನದೇ ಕಾಯಿಲಿಗೆ ಸರಣಿಯಲ್ಲಿ ಹಾಕಿದರೆ ಪಂಪು ಎಂದೂ ಏಳದು. ಫ್ಲೋ ಸ್ವಿಚ್ಚಿನ ಜಾಗ ಹೀಟ್ ಪಂಪಿನ ಅನುಮತಿ ಸರ್ಕ್ಯೂಟಿನಲ್ಲಿ. ಪಂಪಿನ ಸರ್ಕ್ಯೂಟಿಗೇ ಬೇಕೆಂದಾದರೆ ಮೊದಲ 10–30 ಸೆಕೆಂಡು ಅದನ್ನು ಮರೆಮಾಚುವ ಟೈಮರ್ ಹಾಕಬೇಕು. ಪ್ಯಾನೆಲ್ ಹೊಸದಾಗಿ ಕಟ್ಟಿಸಿದ ಕಡೆ, ‘ಕೈಯಲ್ಲಿ ಒತ್ತಿ ಹಿಡಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ’ ಎಂದರೆ ಇದನ್ನೂ ನೋಡಿ, ಕಾಂಟ್ಯಾಕ್ಟರಿನ 13–14 ಹಿಡಿತದ ಕಾಂಟ್ಯಾಕ್ಟನ್ನೂ ನೋಡಿ.

ಕಾಂಟ್ಯಾಕ್ಟರ್ ಮತ್ತು ಓವರ್‌ಲೋಡ್

ಕಾಂಟ್ಯಾಕ್ಟರ್ ಚಟಚಟ ಎನ್ನುತ್ತಿದ್ದರೆ ಕಾರಣ ಮೂರರಲ್ಲೊಂದು: ವೋಲ್ಟೇಜ್ ಕಡಿಮೆ, ಸರಪಳಿಯಲ್ಲಿ ಸಡಿಲ ಕೊಂಡಿ, ಅಥವಾ ಕಬ್ಬಿಣದ ಮುಖಗಳ ನಡುವೆ ಕಸ. ಕಾಯಿಲ್ ತನ್ನ ವೋಲ್ಟೇಜಿನ ಶೇ. 85ರಿಂದ 110ರವರೆಗೆ ಸರಿಯಾಗಿ ಎಳೆಯಬೇಕು. 230ಕ್ಕೆ ಸುಮಾರು 195ರಿಂದ 253. ಎಳೆದ ಕ್ಷಣದಲ್ಲಿ ಎ1–ಎ2 ನಡುವೆ ಅಳೆಯಿರಿ, ಎಳೆಯುವ ಮೊದಲಲ್ಲ. ತುಕ್ಕಿನ ಕೊಂಡಿ ಕರೆಂಟ್ ಹರಿದಾಗಷ್ಟೇ ಬಣ್ಣ ತೋರಿಸುತ್ತದೆ.

ಕಸ ಎಂದರೆ ನಮ್ಮ ಕಡೆ ಇರುವೆ, ಹಲ್ಲಿ, ಹಲ್ಲಿಯ ಮೊಟ್ಟೆ. ಮಳೆಗಾಲದಲ್ಲಿ ಬೆಚ್ಚಗಿರುವ ಜಾಗ ಪ್ಯಾನೆಲೇ ತಾನೇ. ಕೆಲವರು ನುಸಿಗುಳಿಗೆ ಇಡುತ್ತಾರೆ. ಕೇಬಲ್ ಬರುವ ತೂತಿಗೆ ಸರಿಯಾದ ಗ್ಲ್ಯಾಂಡ್ (ಕೇಬಲನ್ನು ಬಿಗಿಯಾಗಿ ಸುತ್ತಿ ತೂತು ಮುಚ್ಚುವ ಬಿಲ್ಲೆ) ಹಾಕಿ, ಉಳಿದ ತೂತು ಮುಚ್ಚುವುದೇ ಮದ್ದು. ಕಾಂಟ್ಯಾಕ್ಟರಿನ ಬೆಳ್ಳಿಯ ಬಿಂದುಗಳು ಕಪ್ಪಾಗಿವೆಯೆಂದು ಸ್ಯಾಂಡ್ ಪೇಪರ್ ಉಜ್ಜಬೇಡಿ. ಕಪ್ಪಾಗುವುದು ಸಹಜ, ಉಜ್ಜಿದರೆ ಬೆಳ್ಳಿ ಹೋಗಿ ಕೆಳಗಿನ ಲೋಹ ಬೆಸೆದುಕೊಳ್ಳುತ್ತದೆ. ಗುಂಡಿ ಬಿದ್ದಿದ್ದರೆ ಅಥವಾ ಬೆಳ್ಳಿ ತೆಳುವಾಗಿದ್ದರೆ ಕಾಂಟ್ಯಾಕ್ಟರನ್ನೇ ಬದಲಿಸಿ. ಮೋಟರ್ ಓಡುವಾಗ ಪ್ರತಿ ಫೇಸಿನ ಮೇಲಿನ ಮತ್ತು ಕೆಳಗಿನ ತುದಿಗಳ ನಡುವೆ ವೋಲ್ಟ್ ಅಳೆದರೆ ಮೂರರಲ್ಲೂ ಸೊನ್ನೆಯ ಹತ್ತಿರ ಇರಬೇಕು. ಒಂದರಲ್ಲಿ ಒಂದು ವೋಲ್ಟ್ ಬಂದರೂ ಆ ಬಿಂದು ಸವೆದಿದೆ.

ಓವರ್‌ಲೋಡ್ ರಿಲೇಯನ್ನು ಮೋಟರಿನ ನಾಮಫಲಕದ ಆಂಪಿಯರಿಗೆ ಕೂರಿಸಿ, ಅದಕ್ಕಿಂತ ಮೇಲೆ ಬೇಡ. ಫಲಕ ಅಳಿಸಿಹೋಗಿದ್ದರೆ 415 ವೋಲ್ಟಿನ ಮೂರು ಫೇಸ್ ಮೋಟರಿಗೆ ಅಂದಾಜು ಹೀಗೆ: 1 ಎಚ್‌ಪಿಗೆ 1.8, 2ಕ್ಕೆ 3.4, 3ಕ್ಕೆ 5, 5ಕ್ಕೆ 7.5 ಆಂಪಿಯರ್. ಬಿದ್ದ ರಿಲೇ ತಣಿಯಲು ಎರಡು–ಮೂರು ನಿಮಿಷ ಬೇಕು, ಅದಕ್ಕೆ ಮುಂಚೆ ಗುಂಡಿ ಒತ್ತಿದರೆ ಕೂರುವುದಿಲ್ಲ. ಆಟೊ ರೀಸೆಟ್‌ನಲ್ಲಿ ಇಡಬೇಡಿ. ಥರ್ಮೋಸ್ಟಾಟ್ ಇನ್ನೂ ಬೇಕು ಎನ್ನುತ್ತಿರುವಾಗ ರಿಲೇ ತಾನೇ ಕೂತರೆ ಮೋಟರ್ ರಾತ್ರಿಯಿಡೀ ಬಿದ್ದು ಎದ್ದು ಸಾಯುತ್ತದೆ.

ರಿಲೇ ಮತ್ತೆ ಮತ್ತೆ ಬೀಳುವಾಗ ಅನೇಕರು ವಾಲ್ವನ್ನು ಇನ್ನಷ್ಟು ತೆರೆಯುತ್ತಾರೆ, ಪಂಪಿಗೆ ಸಲೀಸಾಗಲಿ ಎಂದು. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಇದು ಉಲ್ಟಾ. ಎದುರಿನ ಒತ್ತಡ ಕಡಿಮೆಯಾದಷ್ಟೂ ನೀರು ಹೆಚ್ಚು ಹರಿದು ಕರೆಂಟೂ ಹೆಚ್ಚುತ್ತದೆ. ಕ್ಲ್ಯಾಂಪ್ ಮೀಟರ್ ಹಾಕಿಕೊಂಡು ಹೊರಹೋಗುವ ವಾಲ್ವನ್ನು ಸ್ವಲ್ಪ ಮುಚ್ಚಿ ನೋಡಿ. ಕರೆಂಟ್ ಫಲಕದ ಅಂಕಿಗೆ ಇಳಿದರೆ ಮೋಟರ್ ನಿರಪರಾಧಿ. ಈ ಲೈನಿಗೆ ಪಂಪು ದೊಡ್ಡದಾಯಿತು, ಅಥವಾ ಯಾವುದೋ ಬೈಪಾಸ್ ತೆರೆದುಕೊಂಡಿದೆ.

ಸೆನ್ಸರ್ ಸುಳ್ಳು ಹೇಳಿದಾಗ

ಕಂಟ್ರೋಲರ್ 72 ಡಿಗ್ರಿ ತೋರಿಸುತ್ತದೆ, ಪೈಪು ಮುಟ್ಟಿದರೆ ಉಗುರುಬೆಚ್ಚಗೆ. ಬಿಸಿ ಏರಿದಂತೆ ಓಂ ಏರುವ ಪಿಟಿ100 ಸೆನ್ಸರಿನದು 0 ಡಿಗ್ರಿಯಲ್ಲಿ 100 ಓಂ, 30ರಲ್ಲಿ 111.7, 60ರಲ್ಲಿ 123.2. ಡಿಗ್ರಿಗೆ ಸುಮಾರು 0.385 ಓಂ. ಎರಡು ವಯರಿನ ಪಿಟಿ100 ಆಗಿದ್ದು ಟರ್ಮಿನಲ್ ಹಸಿರುಗಟ್ಟಿ 4 ಓಂ ಹೆಚ್ಚಾದರೆ ಕಂಟ್ರೋಲರ್ ಹತ್ತು ಡಿಗ್ರಿ ಹೆಚ್ಚು ಓದುತ್ತದೆ, ನೀರು ಕಾದಿದೆ ಎಂದುಕೊಂಡು ಪಂಪು ನಿಲ್ಲಿಸುತ್ತದೆ. ಮೂರು ವಯರಿನದಾದರೆ ಈ ತೊಂದರೆ ಬಹಳ ಕಡಿಮೆ.

10 ಕಿಲೋ ಓಮಿನ ಎನ್‌ಟಿಸಿ ಸೆನ್ಸರ್ ಇದಕ್ಕೆ ವಿರುದ್ಧ, ಬಿಸಿ ಏರಿದಂತೆ ಅದರ ಓಂ ಇಳಿಯುತ್ತದೆ. 25 ಡಿಗ್ರಿಯಲ್ಲಿ 10 ಕಿಲೋ ಓಂ, 60ರಲ್ಲಿ ಎರಡೂವರೆಯಿಂದ ಮೂರು. ತುಕ್ಕಿನಿಂದ ಅದು ಹೆಚ್ಚೇನೂ ಕೆಡದು. ಆದರೆ ಜಾಯಿಂಟಿನೊಳಗೆ ನೀರು ಸೇರಿದರೆ ಓಂ ಇಳಿದು, ಇರುವುದಕ್ಕಿಂತ ಬಿಸಿ ತೋರಿಸುತ್ತದೆ. ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷಗಳಲ್ಲಿ ಇದೊಂದು. ಸೆನ್ಸರನ್ನು ಬಿಚ್ಚಿ ಓಂ ಅಳೆದು, ಪಕ್ಕದಲ್ಲಿ ಗಾಜಿನ ಥರ್ಮಾಮೀಟರ್ ಇಟ್ಟು ಹೋಲಿಸಿ. ಪೈಪಿಗೆ ಕಟ್ಟುವ ಸೆನ್ಸರ್ ಬಿಸಿಲಲ್ಲಿ ಸಡಿಲಾಗಿ ಗಾಳಿಯ ಬಿಸಿ ಓದುವುದೂ ಉಂಟು.

ಕರೆಂಟ್ ಉಳಿಸಲೆಂದು ಟ್ಯಾಂಕನ್ನು 45ಕ್ಕೆ ಇಳಿಸುವುದು ಬೇಡ. ಆ ಬಿಸಿಯಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬದುಕುತ್ತದೆ. ಟ್ಯಾಂಕಿನಲ್ಲಿ 60, ಮರಳುವ ಲೈನಿನಲ್ಲಿ 50ಕ್ಕೆ ಕಡಿಮೆಯಾಗದಂತೆ ಇಡಿ.

ಈಗ ಮೋಟರ್

ಕರೆಂಟ್ ತೆಗೆದು, ಟರ್ಮಿನಲ್ ಬಾಕ್ಸ್ ತೆರೆದು, ಮೋಟರಿನ ವಯರು ಬಿಚ್ಚಿ. ಮೂರು ಜೋಡಿಗಳ ಓಂ ಅಳೆಯಿರಿ, ಮೀಟರ್ ವಯರಿನದೇ ಓಂ ಕಳೆಯಿರಿ. ಮೂರೂ ಒಂದಕ್ಕೊಂದು ಶೇ. 5ರೊಳಗೆ ಇರಬೇಕು. ಆಮೇಲೆ 500 ವೋಲ್ಟಿನ ಮೆಗ್ಗರಿನಲ್ಲಿ ವೈಂಡಿಂಗಿಗೂ ಬಾಡಿಗೂ ನಡುವೆ ಒಂದು ನಿಮಿಷ. 5 ಮೆಗಾಓಂ ಮೇಲಿದ್ದರೆ ಓಡಿಸಬಹುದು. 1ಕ್ಕಿಂತ ಕೆಳಗಾದರೆ ಬೇಡವೇ ಬೇಡ. 5ಕ್ಕಿಂತ ಕಡಿಮೆ ಇದ್ದರೆ ಒಣಗಿಸಿ: ಕವರ್ ತೆಗೆದು ಒಳಗೆ 100 ವ್ಯಾಟಿನ ಹಳೆಯ ಬಲ್ಬನ್ನು ಒಂದು ರಾತ್ರಿ ಉರಿಸಿ ಮತ್ತೆ ಅಳೆಯಿರಿ. ಆಷಾಢದಲ್ಲಿ ಎರಡು ವಾರ ನಿಂತಿದ್ದ ಮೋಟರ್ ಅರ್ಧ ಮೆಗಾಓಂ ತೋರಿಸಿ, ಒಣಗಿಸಿದ ಮೇಲೆ ಐವತ್ತು ತೋರಿಸಬಹುದು. ಕಂಟ್ರೋಲರ್, ಡ್ರೈವ್, ಎಲೆಕ್ಟ್ರಾನಿಕ್ ಪಂಪುಗಳಿಗೆ ಮೆಗ್ಗರ್ ಹಚ್ಚಬೇಡಿ, ಒಳಗಿನ ಬೋರ್ಡ್ ಹೋಗುತ್ತದೆ.

ವೈಂಡಿಂಗ್ ಮಾಡಿಸಿಕೊಂಡು ಬಂದ ಮೋಟರಿನಲ್ಲಿ ಸ್ಟಾರ್–ಡೆಲ್ಟಾ (ವೈಂಡಿಂಗಿನ ತುದಿಗಳನ್ನು ಜೋಡಿಸುವ ಎರಡು ಬಗೆ) ಪಟ್ಟಿಗಳನ್ನು ನೋಡಿ. ಫಲಕದಲ್ಲಿ ಡೆಲ್ಟಾ 230, ಸ್ಟಾರ್ 400 ಎಂದಿದ್ದರೆ ನಮ್ಮ ಲೈನಿಗೆ ಸ್ಟಾರ್. ಅದನ್ನು ಡೆಲ್ಟಾ ಮಾಡಿ ಹಾಕಿದರೆ ಖಾಲಿ ಓಡಿದರೂ ಕುದಿಯುತ್ತದೆ.

ರಿಂಗ್ ಲೈನಿನ ಸಣ್ಣ ಸಿಂಗಲ್ ಫೇಸ್ ಪಂಪುಗಳಲ್ಲಿ ಮೊದಲ ಅನುಮಾನ ಕೆಪಾಸಿಟರ್. ಲ್ಯಾಂಪ್ ಹಚ್ಚಿ ಖಾಲಿ ಮಾಡಿ ಅಳೆಯಿರಿ. ಮೇಲೆ ಬರೆದದ್ದಕ್ಕಿಂತ ಶೇ. 10 ಕಡಿಮೆಯಾಗಿದ್ದರೆ ಬದಲಿಸಿ. ನೀರಿನಲ್ಲೇ ರೋಟರ್ ತಿರುಗುವ ಮಾದರಿಯಾದರೆ ಬೇಸಿಗೆಯಿಡೀ ನಿಂತ ಮೇಲೆ ಕಬ್ಬಿಣದ ಕೆಸರು ಕೂತು ರೋಟರ್ ಹಿಡಿದುಕೊಂಡಿರುತ್ತದೆ. ಕರೆಂಟ್ ತೆಗೆದು ನಡುವಿನ ದೊಡ್ಡ ಸ್ಕ್ರೂ ಬಿಚ್ಚಿ, ಶಾಫ್ಟನ್ನು ಸ್ಕ್ರೂ ಡ್ರೈವರಿನಿಂದ ಅತ್ತಿತ್ತ ತಿರುಗಿಸಿ. ಸ್ವಲ್ಪ ಬಿಸಿನೀರು ಚಿಮ್ಮುತ್ತದೆ, ಮುಖ ಪಕ್ಕಕ್ಕಿರಲಿ.

ಆರ್‌ಸಿಸಿಬಿ, ಅರ್ಥಿಂಗ್, ಉಪ್ಪುಗಾಳಿ

ಆರ್‌ಸಿಸಿಬಿ ಬೀಳುತ್ತಿದ್ದರೆ ಪಾಲು ಮಾಡಿ ಹುಡುಕಿ: ಮೋಟರ್ ಬಿಚ್ಚಿ ಹಾಕಿ ನೋಡಿ, ಆಮೇಲೆ ಟ್ಯಾಂಕಿನ ಬ್ಯಾಕಪ್ ಹೀಟರ್, ಆಮೇಲೆ ಹೊರಗಿನ ಫ್ಲೋಟ್ ಕೇಬಲ್. ಹೀಟರಿನ ರಾಡು ಇಲ್ಲಿ ದೊಡ್ಡ ಕಳ್ಳ. ಎಲ್ಲ ಬಿಚ್ಚಿದರೂ ಬೀಳುತ್ತಿದ್ದರೆ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಈ ಬಾರಿಗೆ ಸೇರಿಕೊಂಡಿದೆ.

ಅದನ್ನು ತೆಗೆದೇ ಹಾಕೋಣ, ಅರ್ಥಿಂಗ್ ಇದೆಯಲ್ಲ ಎನ್ನುವವರಿಗೆ ಒಂದು ಲೆಕ್ಕ. ಚಿರೆಕಲ್ಲಿನ ನೆಲ, ಒಣ ಮರಳು ಎರಡೂ ಕರೆಂಟನ್ನು ಚೆನ್ನಾಗಿ ಒಯ್ಯುವುದಿಲ್ಲ. ಏಪ್ರಿಲ್–ಮೇನಲ್ಲಿ ನೀರು ಹಾಕದ ಅರ್ಥ್ ಪಿಟ್ಟು 20 ಓಂ ಇದೆ ಎಂದುಕೊಳ್ಳಿ. ಫೇಸ್ ಬಾಡಿಗೆ ತಾಗಿದರೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಬೀಳದು. ಪೈಪು, ಪಂಪು ಎಲ್ಲದರಲ್ಲೂ ಕರೆಂಟ್ ನಿಂತಿರುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮಾತ್ರ ಆಗ ಜೀವ ಉಳಿಸುತ್ತದೆ.

ಕಡಲ ದಂಡೆಯಿಂದ ಕೂಗಳತೆಯಲ್ಲಿರುವ ಪ್ಯಾನೆಲುಗಳಿಗೆ ತಗಡಿನ ಪೆಟ್ಟಿಗೆ ಬೇಡ, ದೂಳು, ನೀರು ಒಳಹೋಗದ ಐಪಿ65ರ ಪ್ಲಾಸ್ಟಿಕ್ ಪೆಟ್ಟಿಗೆ ಇರಲಿ. ಕೇಬಲ್ ಕೆಳಗಿನಿಂದಲೇ ಒಳಹೋಗಲಿ, ಹೋಗುವ ಮುನ್ನ ಒಂದು ಇಳಿಬಾಗು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಅಲ್ಯೂಮಿನಿಯಂ ಲಗ್ಗಿಗೆ ತಾಮ್ರದ ವಯರು ಒತ್ತಿದ ಜಾಗ ಉಪ್ಪುಗಾಳಿಯಲ್ಲಿ ಬೇಗನೆ ಬಿಳಿಪುಡಿಯಾಗುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಥಂಡಿಗೆ ಪೆಟ್ಟಿಗೆಯೊಳಗೇ ಬೆವರಿಳಿಯುತ್ತದೆ. 20–40 ವ್ಯಾಟಿನ ಪ್ಯಾನೆಲ್ ಹೀಟರ್ ಅದಕ್ಕೆ ಸಾಕು.

ಮತ್ತೆ ಓಡಿಸುವಾಗ

ಬಿಚ್ಚಿದ್ದೆಲ್ಲ ಬಿಗಿಯಾಯಿತೇ, ಜಂಪರ್ ತೆಗೆದಿರಾ ನೋಡಿ. ಪಂಪಿನಲ್ಲಿ ನೀರು ತುಂಬಿ ಗಾಳಿ ಬಿಟ್ಟು, ಮ್ಯಾನ್ಯುಯಲಿನಲ್ಲಿ ಒಂದು ಕ್ಷಣ ಓಡಿಸಿ ತಿರುಗುವ ದಿಕ್ಕು ನೋಡಿ. ಆಮೇಲೆ ಪೂರ್ತಿ ಓಡಲಿ. ಮೂರು ಫೇಸಿನ ಕರೆಂಟನ್ನು ಮೊದಲ ನಿಮಿಷದಲ್ಲೊಮ್ಮೆ, ಅರ್ಧ ಗಂಟೆಯ ಮೇಲೊಮ್ಮೆ ಅಳೆಯಿರಿ. ಫ್ಲೋಟನ್ನು ಕೈಯಲ್ಲಿ ಇಳಿಸಿ ಪಂಪು ನಿಲ್ಲುತ್ತದೆಯೇ, ಓವರ್‌ಲೋಡಿನ ಟೆಸ್ಟ್ ಗುಂಡಿ ಒತ್ತಿದರೆ ನಿಲ್ಲುತ್ತದೆಯೇ, ಆರ್‌ಸಿಸಿಬಿಯ ಟೆಸ್ಟ್ ಗುಂಡಿಗೆ ಬೀಳುತ್ತದೆಯೇ ನೋಡಿ, ಆಟೊಗೆ ತಿರುಗಿಸಿ.

ವೋಲ್ಟ್, ಆಂಪಿಯರ್, ಮೆಗಾಓಂ, ಬದಲಿಸಿದ ಸಾಮಾನು, ತಾರೀಕು ಇಷ್ಟನ್ನೂ ಪ್ಯಾನೆಲ್ ಬಾಗಿಲಿನ ಒಳಗೆ ಪ್ಲಾಸ್ಟಿಕ್ ಹೊದಿಕೆಯ ಹಾಳೆಯಲ್ಲಿ ಬರೆದು ಅಂಟಿಸಿ. ಪೆನ್ಸಿಲಿನಲ್ಲಿ ಬರೆಯಿರಿ, ಮಳೆಗಾಲದ ತೇವಕ್ಕೆ ಪೆನ್ನಿನ ಶಾಯಿ ಹಬ್ಬಿಬಿಡುತ್ತದೆ. ಮೇ ಕೊನೆಯ ವಾರದಲ್ಲೊಮ್ಮೆ, ಚೌತಿ ಕಳೆದ ಮೇಲೊಮ್ಮೆ ಮೆಗ್ಗರ್ ಅಂಕಿ ತುಂಬಿಸಿ. ಹಿಂದಿನ ವರ್ಷ 80 ಇದ್ದದ್ದು ಈಗ 8ಕ್ಕೆ ಇಳಿದಿದ್ದರೆ ಮೋಟರ್ ಇನ್ನೂ ಓಡುತ್ತಿದ್ದರೂ ಅದರ ಗ್ಲ್ಯಾಂಡ್ ಮತ್ತು ಸೀಲ್ ಬಿಚ್ಚಿ ನೋಡಿ.